ನನ್ನ ಮಿನಿಡಿಸ್ಕೂ ನಿಲ್ಲದ ಸಮುದ್ರವೂ

ಹಳೆಯದನ್ನು ಎಸೆಯಿರಿ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಹೇಳಿದ ಗಳಿಗೆಯಿಂದಲೇ ಆ ವಸ್ತುವಿನ ಮೇಲೆ ದುಪ್ಪಟ್ಟು ಪ್ರೀತಿ ಹುಟ್ಟುತ್ತದೆ. ಹಾಗೆ ಉಳಿದುಕೊಂಡವುಗಳಲ್ಲಿ ಮುಖ್ಯವಾದದ್ದು ನನ್ನ ಮಿನಿಡಿಸ್ಕ್ ಪ್ಲೇಯರ್. ಕ್ಯಾಸೆಟ್ಟು ಹೋಗಿ ಫೋನು ಬರುವ ನಡುವಿನ ಕಾಲದ, ಸದ್ದನ್ನು ಹಿಡಿಯಲೂ ಕೇಳಿಸಲೂ ಬರುವ ಯಂತ್ರ ಅದು. ಅದಕ್ಕೆ ಹಾಕುವ ಡಿಸ್ಕ್ ಎಂದರೆ ಅಂಗೈಯೊಳಗೆ ಅಡಗುವ ಚೌಕದ ಪ್ಲಾಸ್ಟಿಕ್ ಕವಚ, ಅದರೊಳಗೊಂದು ಪುಟ್ಟ ತಟ್ಟೆ, ತಟ್ಟೆಯ ತುಂಬ ಸದ್ದು. ದುಬೈಯಿಂದ ಬಂದ ಯಂತ್ರವನ್ನು ಭಟ್ಕಳದ ಪೇಟೆಯಲ್ಲಿ ಕೊಂಡಿದ್ದೆ. ಹಗಲು ಕಚೇರಿಯ ಗುಮಾಸ್ತನಾದ ನಾನು ಸಂಜೆ ಹೊನ್ನಾವರದ ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಸದ್ದು ಒದಗಿಸುವವನು. ಗುಡುಗು, ನಾಯಿಯ ಬೊಗಳು, ಬಸ್ಸಿನ ಹಾರ್ನು ಎಲ್ಲವೂ ಆ ತಟ್ಟೆಗಳಲ್ಲಿವೆ. ಸಮುದ್ರದ ಸದ್ದಿಗಾಗಿ ಬೆಳಕೆಯ ದಂಡೆಯಲ್ಲಿ ಅರ್ಧ ದಿನ ಮೈಕ್ ಹಿಡಿದು ಕೂತಿದ್ದೆ. ಇವನಿಗೆ ತಲೆ ಸರಿಯಿಲ್ಲ ಎಂದು ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೊಂಕಣಿಯಲ್ಲಿ ಹೇಳಿಕೊಂಡು ಹೋದಳು. ಅದೂ ರೆಕಾರ್ಡ್ ಆಗಿದೆ.

ಕಳೆದ ವರ್ಷ ಯಂತ್ರಕ್ಕೆ ವಯಸ್ಸಾಯಿತು. ದೋಣಿ ಕಳೆದುಕೊಂಡ ಮುದುಕಿಯೊಬ್ಬಳು ಕೋರ್ಟಿಗೆ ಹೋಗಿ ಸಾಕ್ಷಿ ಹೇಳುವ ನಾಟಕ ನಮ್ಮದು. ಮೊದಲ ಪ್ರದರ್ಶನದಲ್ಲಿ ಮುದುಕಿಯ ಪಾತ್ರದ ಸುನಂದಾ ಟೀಚರ್ ಕಿವಿಗೆ ಕೈಯಿಟ್ಟು, "ಕಡಲು ಎಷ್ಟು ಅಬ್ಬರಿಸ್ತಾ ಇದ್ದು ಕೇಳಿ" ಎಂದರು. ಯಾರಿಗೂ ಏನೂ ಕೇಳಲಿಲ್ಲ. ಡಿಸ್ಕ್ ಹೊಟ್ಟೆಯೊಳಗೇ ಇದ್ದರೂ ಯಂತ್ರ ಮಾತ್ರ 'ನೋ ಡಿಸ್ಕ್' ಎಂದು ತೋರಿಸುತ್ತಿತ್ತು. ಫೈಲನ್ನು ಮೇಜಿನ ಮೇಲಿಟ್ಟುಕೊಂಡೇ ಫೈಲ್ ಇಲ್ಲ ಎಂದು ಜನರನ್ನು ಸಾಗಹಾಕಿದ ಅನುಭವ ನನಗೂ ಇರುವುದರಿಂದ ಅದರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನಿರ್ದೇಶಕಿ ಶೈಲಾಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಆಕೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಮುಂದಿನ ಕುಮಟಾದ ಪ್ರದರ್ಶನಕ್ಕೆ ತನ್ನ ಫೋನಿನಿಂದಲೇ ಸದ್ದು ಬರಲಿ ಎಂದಳು.

"ನಾಟಕದ ಮಧ್ಯೆ ನಿನ್ನ ಫೋನಿಗೆ ಯಾರಾದ್ರೂ ಫೋನ್ ಮಾಡ್ತಾರೆ ಶೈಲಾ. ನನ್ನ ಯಂತ್ರಕ್ಕೆ ಯಾರೂ ಮಾಡೂದಿಲ್ಲ" ಎಂದೆ.

"ನಿಮ್ಮ ಯಂತ್ರ ಬಾಯಿ ಬಿಟ್ಟರೆ ಸಾಕಾಗಿತ್ತು ಗಣಪಣ್ಣ" ಎಂದಳು.

ಆ ಮಾತು ನನಗೆ ನಾಟಿತು. ಮರುದಿನವೇ ರಜೆ ಹಾಕಿ ಭಟ್ಕಳದ ಬಸ್ ಹತ್ತಿದೆ. ಅಲ್ಲಿ ರಿಪೇರಿ ಅಂಗಡಿಯ ಇಸ್ಮಾಯಿಲ್ ಭಾಯಿ ಯಂತ್ರವನ್ನು ನೋಡಿ, ಬಹುಕಾಲ ಕಾಣದಿದ್ದ ನೆಂಟನನ್ನು ಮಾತಾಡಿಸುವಂತೆ ಅದರ ಬೆನ್ನು ತಟ್ಟಿದರು. ಇದರ ಬಿಡಿಭಾಗ ಎಲ್ಲೂ ಸಿಗುವುದಿಲ್ಲ, ತಾನಂತೂ ಮುಟ್ಟುವುದಿಲ್ಲ ಎಂದರು. ಮುಟ್ಟುವುದಿಲ್ಲ ಎಂದವರೇ ಮುಚ್ಚಳ ಬಿಚ್ಚಿ, ಡಿಸ್ಕನ್ನು ಓದುವ ಗಾಜಿನ ಕಣ್ಣಿಗೆ ಧೂಳು ಕೂತದ್ದನ್ನೂ, ಡಿಸ್ಕನ್ನು ಒಳಗೆಳೆದುಕೊಳ್ಳುವ ರಬ್ಬರ್ ಬೆಲ್ಟು ಉಪ್ಪುಗಾಳಿಗೆ ಹಳಸಿ ಅಂಟುಬೆಲ್ಲದಂತಾದದ್ದನ್ನೂ ತೋರಿಸಿ, ಹತ್ತಿಯಿಂದ ಆ ಕಣ್ಣನ್ನು ಹೇಗೆ ಒರೆಸಬೇಕೆಂದು ಒಂದು ಗಂಟೆ ಪಾಠ ಹೇಳಿದರು. ಬೆಲ್ಟಿಗೆ ನೀವೇ ದಾರಿ ಹುಡುಕಿ ಎಂದು ಕಳಿಸಿಕೊಟ್ಟರು.

ಹುಡುಕಿದೆ. ಮಲ್ಲಿಗೆಯ ಪೊಟ್ಟಣಕ್ಕೆ ಹಾಕುವ ರಬ್ಬರ್ ಬ್ಯಾಂಡು ಎರಡು ಸುತ್ತಿಗೇ ಹರಿಯಿತು. ಹೊಲಿಗೆ ಯಂತ್ರದ ರಬ್ಬರ್ ಉಂಗುರಕ್ಕೆ ಕೈ ಹಾಕಿದಾಗ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದಲೇ ಕೆಮ್ಮಿದಳು. ಕೊನೆಗೆ ಹೊನ್ನಾವರದ ಪೈಪಿನ ಅಂಗಡಿಯಲ್ಲಿ, ನಲ್ಲಿಗೆ ಹಾಕುವ ಸಪೂರ ರಬ್ಬರ್ ಬಳೆಯೊಂದು ಅಳತೆಗೆ ಸರಿಯಾಯಿತು. ಎಂತ ನಲ್ಲಿಗೆ ಎಂದು ಅಂಗಡಿಯವನು ಕೇಳಿದ. ಸಮುದ್ರ ಬರುವ ನಲ್ಲಿಗೆ ಎಂದೆ. ಅವನು ಚಿಲ್ಲರೆ ಎಣಿಸಿ ಕೊಟ್ಟ.

ಕುಮಟಾದಲ್ಲಿ ಸಭಾಂಗಣ ತುಂಬಿತ್ತು. ಶೈಲಾ ತನ್ನ ಫೋನನ್ನು ಕೈಯಲ್ಲಿ ಹಿಡಿದೇ ನನ್ನ ಪಕ್ಕ ನಿಂತಿದ್ದಳು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಟೀಚರ್ ಕಿವಿಗೆ ಕೈಯಿಟ್ಟರು, ನಾನು ಗುಂಡಿ ಒತ್ತಿದೆ, ಬೆಳಕೆಯ ಕಡಲು ಸಭಾಂಗಣಕ್ಕೆ ನುಗ್ಗಿತು. ನನ್ನ ಕಣ್ಣು ತೇವವಾಯಿತು ಎಂದರೆ ನಗಬೇಡಿ. ದೃಶ್ಯ ಮುಗಿಯಿತು. ನಿಲ್ಲಿಸುವ ಗುಂಡಿ ಒತ್ತಿದೆ. ಕಡಲು ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಒತ್ತುತ್ತಲೇ ಹೋದೆ. ದನಿ ತಗ್ಗಿಸುವ ಪೆಟ್ಟಿಗೆ ರಂಗದ ಆಚೆ ಬದಿಗಿತ್ತು, ಅದರ ಯಜಮಾನ ಚಹಾಕ್ಕೆ ಹೋಗಿದ್ದ. ವೈರ್ ಕಿತ್ತರೆ ಸ್ಪೀಕರ್ ಗುಂಡು ಹಾರಿದಂತೆ ಸದ್ದು ಮಾಡುತ್ತದೆ. ಅಷ್ಟರಲ್ಲಿ ಪರದೆ ಸರಿದು ಕೋರ್ಟು ಬಂತು. ಜಡ್ಜ್ ಪೀಠದ ಹಿಂದೆ ಅಲೆ, ವಕೀಲರ ಕಾಲ ಬುಡದಲ್ಲಿ ಅಲೆ. ಶೈಲಾ ನನ್ನ ತೋಳನ್ನು ಹಿಡಿದ ಗುರುತು ನಾಲ್ಕು ದಿನ ಇತ್ತು. ಟೀಚರ್ ಕಟಕಟೆಯನ್ನು ಹಿಡಿದು, ನಾಟಕದ ಪುಸ್ತಕದಲ್ಲಿಲ್ಲದ ಮಾತೊಂದನ್ನು ಮೆಲ್ಲಗೆ ಹೇಳಿದರು: "ನಿಮಗೆ ಕೇಳೂದಿಲ್ಲ ಸ್ವಾಮಿ. ನನಗೆ ಇದು ನಿಂತದ್ದೇ ಇಲ್ಲ."

ನಾಟಕ ಮುಗಿದ ಮೇಲೆ ನಿವೃತ್ತ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಮುದುಕಿಯ ಮನಸ್ಸಿನ ಕಡಲನ್ನು ನ್ಯಾಯಾಲಯದೊಳಗೆ ಹರಿಸಿದವರು ಯಾರು ಎಂದು ಕೇಳಿದರು. ಶೈಲಾ ನನ್ನತ್ತ ಕೈ ತೋರಿಸಿದಳು. ನಾನು ರಂಗಕ್ಕೆ ಹೋಗಿ, ಇದರ ಬಗ್ಗೆ ಬಹಳ ದಿನ ಯೋಚಿಸಿದ್ದೆ ಎಂದು ಐದು ನಿಮಿಷ ಮಾತಾಡಿದೆ.

ಈಗ ಭಟ್ಕಳದಲ್ಲಿ ಮುಂದಿನ ಪ್ರದರ್ಶನ. ಕೋರ್ಟಿನಲ್ಲಿ ಕಡಲು ಇರಲೇಬೇಕೆಂದು ಶೈಲಾ ಹೇಳಿದ್ದಾಳೆ. ಆದರೆ ಅಂದಿನಿಂದ ನಿಲ್ಲಿಸುವ ಗುಂಡಿ ಒತ್ತಿದ ಕೂಡಲೇ ಸದ್ದು ನಿಲ್ಲುತ್ತಿದೆ. ಮೂರು ದಿನ ಯಂತ್ರ ಬಿಚ್ಚಿಟ್ಟುಕೊಂಡು, ಹೋದ ದೋಷವನ್ನು ವಾಪಸು ತರುವ ದಾರಿ ಹುಡುಕಿದೆ. ಇಷ್ಟು ವರ್ಷ ಇದರ ಹೊಟ್ಟೆಬಟ್ಟೆ ನೋಡಿಕೊಂಡ ನನಗೆ ಸೋಲುವ ಮನಸ್ಸಿರಲಿಲ್ಲ. ನಿನ್ನೆ ಸುಮಿತ್ರಾ ಎಂತ ಮಾಡ್ತಾ ಇದ್ದೀರಿ ಎಂದು ಕೇಳಿದಳು. ಸಂಕಟವನ್ನೆಲ್ಲ ಹೇಳಿಕೊಂಡೆ.

ಅವಳು ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು. "ಆ ಗುಂಡಿ ಒತ್ತದೇ ಇದ್ದರೆ ಆತಲ್ಲ" ಎಂದಳು.