ಮೂರು ಫ್ಲಾಪಿ, ಎರಡು ಪಟ್ಟದ ಗೊಂಬೆ

…ಅಥವಾ ನಾನು ಆ ಕಂಪ್ಯೂಟರಿಗೆ ಕೈ ಹಾಕಿದ ದಿನ ಭಾನುವಾರವೇ ಅಲ್ಲವೇನೋ. ಇಷ್ಟು ವರ್ಷ ಭಾನುವಾರ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು ಎಂದೂ ಸೇರಿಸುತ್ತೇನೆ, ಕೇಳುವವರಿಗೆ ನಂಬಿಕೆ ಬರಲಿ ಎಂದು. ಆದರೆ ಮಾರನೆಯ ದಿನವೇ ನಾನು ಮೇಟಗಳ್ಳಿಯ ಕಾರ್ಖಾನೆಗೆ ಹೋಗಿ ಮಹದೇವಸ್ವಾಮಿಯವರ ಮೇಜಿನ ಮುಂದೆ ಫ್ಲಾಪಿ ಹಿಡಿದು ನಿಂತದ್ದು ಚೆನ್ನಾಗಿ ನೆನಪಿದೆ, ಮತ್ತು ನಮ್ಮ ಕಾರ್ಖಾನೆಗೆ ವಾರದ ರಜೆ ಇದ್ದದ್ದೇ ಸೋಮವಾರ. ನನ್ನ ನೆನಪನ್ನು ನಾನೇ ಹಿಡಿದು ವಿಚಾರಿಸಿದರೆ ಅದು ಹೀಗೆ ತಬ್ಬಿಬ್ಬಾಗುತ್ತದೆ. ದಿನದ ಮಾತು ಬಿಡಿ. ಕಂಪ್ಯೂಟರ್ ಮಾತ್ರ ನಿಜ. ಅದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನನ್ನ ಮೇಜಿನ ಮೇಲೆಯೇ ಸವೆದು, ಇನ್ನು ಕೆಲಸಕ್ಕೆ ಬಾರದು ಎನ್ನಿಸಿಕೊಂಡು ಶ್ರೀರಾಂಪುರದ ನಮ್ಮ ಮನೆಗೆ ಬಂದಿತ್ತು. ಹಾಲಿನ ಬಣ್ಣದ್ದು ತುಪ್ಪದ ಬಣ್ಣಕ್ಕೆ ತಿರುಗಿತ್ತು. ಗುಂಡಿ ಒತ್ತಿ ಕಾಫಿಗೆ ನೀರಿಟ್ಟರೆ, ಡಿಕಾಕ್ಷನ್ ಇಳಿಯುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು.

ಅದನ್ನು ನನಗಿಂತ ಹೆಚ್ಚು ಬಳಸಿದವಳು ಅಮ್ಮ. ನವರಾತ್ರಿಗೆ ನಮ್ಮಲ್ಲಿ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುತ್ತಾರೆ. ಯಾವ ಗೊಂಬೆ ಯಾರು ಕೊಟ್ಟದ್ದು, ಮುಂದೆ ಯಾರಿಗೆ ಸೇರಬೇಕಾದದ್ದು ಎಂದು ಅಜ್ಜಿ ಬರೆದಿಟ್ಟ ನೋಟುಬುಕ್ಕೊಂದು ಅಟ್ಟದ ಟ್ರಂಕಿನ ತಳದಲ್ಲಿ ಸಿಕ್ಕಿತು. ಗೆದ್ದಲು ತಿಂದು ಉಳಿದದ್ದು. ಅಜ್ಜಿಯ ಅಕ್ಷರ ಅಮ್ಮನೊಬ್ಬಳಿಗೇ ಅರ್ಥವಾಗುತ್ತಿತ್ತು. ಅವಳು ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರವನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕಿ, ಎರಡು ಮಳೆಗಾಲ ಕೂತು ಅಷ್ಟನ್ನೂ ಟೈಪು ಮಾಡಿದಳು. ಆಮೇಲೆ ಪುಡಿಯಾದ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಮುಕ್ಕಾದ ಗೊಂಬೆಗಳನ್ನು ಕಸಕ್ಕೆ ಹಾಕುವಂತಿಲ್ಲ, ಹೊಳೆಗೇ ಬಿಡಬೇಕು. ಮೊದಲ ಪುಟದಲ್ಲಿ ‘ಶ್ರೀ’ ಇದ್ದುದರಿಂದ ನೋಟುಬುಕ್ಕಿಗೂ ಅದೇ ಮರ್ಯಾದೆ. ಶ್ರೀರಂಗಪಟ್ಟಣಕ್ಕೆ ಸ್ಕೂಟರಿನಲ್ಲಿ ಹೋಗಿ, ಕೈ ಮುರಿದ ಒಂದು ಅಂಗಡಿ ಶೆಟ್ಟಿ ಗೊಂಬೆಯ ಜೊತೆಯಲ್ಲಿ ಅದನ್ನೂ ಕಾವೇರಿಗೆ ಬಿಟ್ಟು ಬಂದವನು ನಾನೇ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಈ ಪಟ್ಟಿಗೆ ಇಷ್ಟು ಮಹತ್ವ ಬಂದದ್ದು ಸಿದ್ಧಾರ್ಥನಗರದ ಸರಸ ಚಿಕ್ಕಮ್ಮನಿಂದ. ಸರಸ ಅಮ್ಮನ ತಂಗಿ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ನಿಲ್ಲುವ ರಾಜ ರಾಣಿಯರ ಮರದ ಜೋಡಿ, ಅಂದರೆ ಪಟ್ಟದ ಗೊಂಬೆಗಳು, ಅಜ್ಜಿಯವು. ಅಜ್ಜಿ ಅವನ್ನು ತನ್ನ ಮಡಿಲಿಗೇ ಹಾಕಿದಳು ಎಂದು ಅಮ್ಮ ಹೇಳುತ್ತಾಳೆ. ತನಗೇ ಕೊಟ್ಟಿದ್ದಳು, ತಾನು ಬಾಣಂತಿಯಾಗಿದ್ದ ಒಂದು ವರ್ಷದ ಮಟ್ಟಿಗೆ ಅಕ್ಕ ಇಸಿದುಕೊಂಡು ಹೋದವಳು ಹಿಂದಕ್ಕೆ ಕೊಡಲಿಲ್ಲ ಎನ್ನುತ್ತಾಳೆ ಚಿಕ್ಕಮ್ಮ. ಆ ಬಾಣಂತನದ ಮಗುವಿಗೆ ಈಗ ತಲೆಯ ಮುಂಭಾಗ ಬೋಳಾಗಿದೆ. ಪ್ರತಿ ನವರಾತ್ರಿಗೂ ಚಿಕ್ಕಮ್ಮ ಅರಿಶಿನ ಕುಂಕುಮಕ್ಕೆ ಬಂದು ಮೇಲಿನ ಮೆಟ್ಟಿಲನ್ನು ನೋಡುತ್ತಾಳೆ.

“ಚೆನ್ನಾಗಿ ನೋಡ್ಕೊಂಡಿದ್ದೀಯ ಕಣಕ್ಕ, ನಮ್ಮ ಗೊಂಬೇನ.”

“ಕಂಡೋರ ಮನೇದನ್ನೇ ನೋಡ್ಕೋತೀನಿ, ನಂದನ್ನ ನೋಡ್ಕೊಳಲ್ವಾ? ಕೋಸಂಬರಿ ಹಾಕಿಸ್ಕೋ.”

ನೋಟುಬುಕ್ಕು ಸಿಕ್ಕ ಸುದ್ದಿ ತಿಳಿದ ಮೇಲೆ ಚಿಕ್ಕಮ್ಮ, ನಮ್ಮಮ್ಮ ಹೇಗೆ ಬರೆದಿದ್ದಾಳೋ ಹಾಗೆ, ನಾನು ಒಪ್ಪುತ್ತೇನೆ ಎಂದಳು. ಅದರಲ್ಲಿ ಏನಿದೆ ಎಂದು ಅಮ್ಮ ಮಾತ್ರ ಬಾಯಿ ಬಿಡಲಿಲ್ಲ. “ಹಬ್ಬದ ದಿನ ಪ್ರಿಂಟ್ ಹಾಕ್ಸಿ ಎಲ್ಲರ ಮುಂದೆ ಓದ್ತೀನಿ. ಆಮೇಲೆ ಯಾರೂ ಸೊಲ್ಲೆತ್ತಬಾರದು.” ಪ್ರಿಂಟರ್ ತಂದೆ. ಆ ಹೊಸ ಪ್ರಿಂಟರಿಗೆ ನಮ್ಮ ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಂ ಕಂಡರೆ ಆಗಲಿಲ್ಲ. ಹೊಸದನ್ನು ಹಾಕಲೇಬೇಕಾಯಿತು.

ಕಾರ್ಖಾನೆಯಲ್ಲಿ ಕಂಪ್ಯೂಟರ್ ಬಲ್ಲವರೆಂದರೆ ಮಹದೇವಸ್ವಾಮಿ. ಹಣೆಯ ತುಂಬ ವಿಭೂತಿ, ಜೇಬಿನ ತುಂಬ ಸ್ಕ್ರೂಡ್ರೈವರ್. ಅವರು ಸಿ.ಡಿ. ಕೊಟ್ಟು, “ಏನೂ ಇಲ್ಲ ಕಣ್ರೀ, ಮುಖ್ಯವಾದ್ದನ್ನೆಲ್ಲ ಮೊದಲು ಫ್ಲಾಪಿಗೆ ಕಾಪಿ ಮಾಡ್ಕೊಂಬುಡಿ. ಆಮೇಲೆ ಅದು ಏನು ಕೇಳಿದ್ರೂ ಎಸ್ ಅನ್ಕೊಂಡು ಹೋಗ್ತಾ ಇರಿ,” ಎಂದರು. “ಎಲ್ಲದಕ್ಕೂ?” ಎಂದೆ. “ಮದುವೇಲಿ ಪುರೋಹಿತರು ಹೇಳ್ದಂಗೆ ಹೇಳಿಲ್ವಾ ನೀವು? ಅಂಗೇಯ.”

ನಾನು ಅವಸರದವನಲ್ಲ. ಪರದೆಯ ಮೇಲೆ ‘ಗೊಂಬೆ’ ಎಂಬ ಹೆಸರಿನ ಪುಟ್ಟ ಚಿತ್ರವಿತ್ತು, ಅಮ್ಮ ದಿನವೂ ಒತ್ತುತ್ತಿದ್ದುದು. ಅದನ್ನು ಫ್ಲಾಪಿಗೆ ಎಳೆದು ಹಾಕಿದೆ. ಕಣ್ಣು ಮಿಟುಕಿಸುವುದರಲ್ಲಿ ಕಾಪಿಯಾಯಿತು. ಎರಡು ಮಳೆಗಾಲದ ಕೆಲಸ ಒಂದು ಕ್ಷಣದಲ್ಲಿ ಎಂದು ವಿಜ್ಞಾನಕ್ಕೆ ತಲೆಬಾಗಿದೆ. ಒಂದು ಸಾಲದೆಂದು ಮೂರು ಫ್ಲಾಪಿ ಮಾಡಿದೆ. ಪರೀಕ್ಷೆಯನ್ನೂ ಮಾಡಿದೆ: ಫ್ಲಾಪಿಯಲ್ಲಿದ್ದುದನ್ನು ಒತ್ತಿದರೆ ಪಟ್ಟಿ ನೆಟ್ಟಗೆ ತೆರೆದುಕೊಂಡಿತು. ಮೊದಲ ಸಾಲಿನ ‘ಶ್ರೀ’ ನೋಡಿ, ಸರಿ ಎಂದು ಮುಚ್ಚಿದೆ. ಎರಡನೆಯ ಸಾಲನ್ನೂ ಓದಬಾರದಿತ್ತೇ ಎಂದು ಈಗ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅಮ್ಮ ಮೂರು ಫ್ಲಾಪಿಗಳಿಗೂ ಕುಂಕುಮವಿಟ್ಟು ದೇವರ ಗೂಡಿನಲ್ಲಿ ಇಟ್ಟಳು.

ಸಿ.ಡಿ. ಹಾಕಿದೆ. ಯಂತ್ರ ನೀಲಿ ಪರದೆಯಲ್ಲಿ ಬಿಳಿ ಅಕ್ಷರಗಳಲ್ಲಿ ಕೇಳತೊಡಗಿತು. ಇದನ್ನು ಹಾಕಲೇ? ಎಸ್. ನಿಯಮಗಳಿಗೆ ಒಪ್ಪುತ್ತೀಯಾ? ಎಸ್. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಂಡಿತವೇ? ಎಸ್. ಆ ಕೊನೆಯದನ್ನು ಎರಡು ಸಲ ಕೇಳಿತು ಎಂದು ನನ್ನ ನೆನಪು. ಅಪರಾಧ ಹೆಚ್ಚಿಸಿಕೊಳ್ಳಲು ನಾನೇ ಸೇರಿಸಿದ್ದೂ ಇರಬಹುದು. ಸಂಜೆಯ ಹೊತ್ತಿಗೆ ಮುದಿ ಯಂತ್ರ ಹೊಸ ಬಣ್ಣಗಳಲ್ಲಿ ಮೈದುಂಬಿ ಎದ್ದು ನಿಂತಿತು. ಪ್ರಿಂಟರ್ ಕೂಡ ಒಪ್ಪಿತು. ತಾನಾಗಿಯೇ ಒಂದು ಪರೀಕ್ಷಾ ಹಾಳೆಯನ್ನು ಮುದ್ರಿಸಿ ತೋರಿಸಿತು.

ದೇವರ ಗೂಡಿನಿಂದ ಫ್ಲಾಪಿ ತಂದು ಹಾಕಿದೆ. ‘ಗೊಂಬೆ’ ಒತ್ತಿದೆ. ಪರದೆಯ ಮೇಲೆ ಒಂದು ಟಾರ್ಚಿನ ಚಿತ್ರ ಬಂದು, ಅತ್ತ ಇತ್ತ ಬೆಳಕು ಬಿಟ್ಟು ಏನನ್ನೋ ಹುಡುಕಿತು. ಹುಡುಕಿ ಸೋತು, ಇದಾಗಬಹುದೇ ಎಂದು ಯಾವುದೋ ಗಂಟೆಯ ಸದ್ದಿನ ಕಡತವನ್ನು ಮುಂದಿಟ್ಟಿತು. ಎರಡನೆಯ ಫ್ಲಾಪಿ. ಟಾರ್ಚು. ಮೂರನೆಯದು. ಟಾರ್ಚು. ನೆನಪು ಎಂದು ನಾವು ಕರೆಯುವುದೂ ಹೀಗೆಯೇ ಕೆಲಸ ಮಾಡುತ್ತದೆಂದು ನನ್ನ ಗುಮಾನಿ: ಕೇಳಿದ್ದು ಸಿಕ್ಕದಿದ್ದರೆ ಸುಮ್ಮನಿರದೆ, ಹತ್ತಿರದ್ದೊಂದನ್ನು ತಂದು ಕೊಡುತ್ತದೆ. ನಾವು ಎಸ್ ಎನ್ನುತ್ತೇವೆ.

ಮಾರನೆಯ ದಿನ ಮಹದೇವಸ್ವಾಮಿ ಫ್ಲಾಪಿಯನ್ನು ಅವರ ಕಂಪ್ಯೂಟರಿಗೆ ಹಾಕಿ ನೋಡಿ ನಿಟ್ಟುಸಿರಿಟ್ಟರು. “ಈ ಚಿತ್ರದ ಮೂಲೇಲಿ ಪುಟ್ಟ ಬಾಣ ಐತೆ, ನೋಡಿದ್ರಾ? ಇದು ಪಟ್ಟಿ ಅಲ್ಲ ಕಣ್ರೀ. ಪಟ್ಟಿ ಎಲ್ಲೈತೆ ಅಂತ ವಿಳಾಸ ಬರ್ದಿರೋ ಚೀಟಿ. ಮನೆ ಕೆಡವ್ಬುಟ್ಟು ವಿಳಾಸ ಇಟ್ಕೊಂಡಿದ್ದೀರಲ್ಲ ಸ್ವಾಮಿ.” ನಾನು ಪರೀಕ್ಷೆ ಮಾಡಿದಾಗ ತೆರೆದುಕೊಂಡಿತ್ತಲ್ಲ ಎಂದೆ. “ಆಗ ಮನೆ ಇತ್ತಲ್ಲ,” ಎಂದರು.

ಅಮ್ಮನಿಗೆ ಹೇಳಲು ಎರಡು ದಿನ ಹಿಡಿಯಿತು. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದು ಸಿದ್ಧನಾಗಿ ಹೋಗಿದ್ದೆ. ಅವಳು ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಲೇ ಇಲ್ಲ. “ಹೋಯ್ತಾ?” ಎಂದಳು. “ಪೂರ್ತಿ?” ಎಂದಳು. ಆಮೇಲೆ, “ಸರಿ, ಕಾಫಿ ಕುಡೀತೀಯಾ?” ನನಗೆ ಮೊದಲ ಆಘಾತಕ್ಕಿಂತ ಇದೇ ದೊಡ್ಡದಾಯಿತು.

ನವರಾತ್ರಿಗೆ ಚಿಕ್ಕಮ್ಮ ಹೊಸ ಕನ್ನಡಕ ಹಾಕಿಕೊಂಡು, ಪಟ್ಟಿ ಕೇಳಲು ತಯಾರಾಗಿ ಬಂದಳು. ನಾನು ನಡೆದದ್ದನ್ನು ಹೇಳಿ ತಲೆ ತಗ್ಗಿಸಿ ನಿಂತೆ. ಅವಳು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: “ಪಟ್ಟೀಲಿ ನಿನ್ನ ಹೆಸರೇ ಇತ್ತು ಕಣೇ ಸರಸಿ. ಹಬ್ಬ ಮುಗಿದ ಮೇಲೆ ತಗೊಂಡು ಹೋಗು.”

ಚಿಕ್ಕಮ್ಮ ಹೊಸ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕುಂಕುಮದ ಬಟ್ಟಲು ಹಿಡಿದಿದ್ದ ನನ್ನ ಹೆಂಡತಿ ಹಾಗೆಯೇ ನಿಂತುಬಿಟ್ಟಳು. ಚಿಕ್ಕಮ್ಮ, “ಸುಳ್ಳು ಹೇಳ್ತಿದ್ದೀಯ ಅಕ್ಕ,” ಎಂದಳು.

“ನಿಂದು ಅಂದ್ರೂ ಸುಳ್ಳು ಅಂತೀಯಲ್ಲೇ.”

“ಈ ಪೆದ್ದು ಅಳಿಸಿಹಾಕಿದ್ನಲ್ಲ, ಅವನನ್ನ ನಾನು ಬೈಬಾರ್ದು ಅಂತ ನೀನು ಹೀಗೆ ಹೇಳ್ತಿರೋದು. ಅದರಲ್ಲಿ ನಿನ್ನ ಹೆಸರೇ ಇದ್ದಿರಬೇಕು. ನಂಗೆ ಬೇಡ.”

“ತಗೊಂಡು ಹೋಗೇ.”

“ಮುಟ್ಟಲ್ಲ ನಾನು.”

ಅಂದಿನಿಂದ ಜಗಳ ತಿರುಗಿತು. ಅಮ್ಮ ಅದು ಸರಸಿಯದು ಎನ್ನುತ್ತಾಳೆ, ಚಿಕ್ಕಮ್ಮ ಅಕ್ಕನದು ಎನ್ನುತ್ತಾಳೆ, ಇಬ್ಬರೂ ಹಿಂದಿನಷ್ಟೇ ಸಿಟ್ಟಿನಿಂದ. ಕೊನೆಗೆ ರಾಜ ರಾಣಿ ಒಂದು ವರ್ಷ ಶ್ರೀರಾಂಪುರ, ಒಂದು ವರ್ಷ ಸಿದ್ಧಾರ್ಥನಗರ ಎಂದಾಯಿತು. ಸ್ಕೂಟರಿನಲ್ಲಿ ಟವೆಲ್ ಸುತ್ತಿ ಹೊತ್ತೊಯ್ಯುವ ಶಿಕ್ಷೆ ನನಗೆ.

ಒಮ್ಮೆ ಅಮ್ಮನೊಬ್ಬಳೇ ಇದ್ದಾಗ ಕೇಳಿದೆ, ನಿಜವಾಗಿ ಏನಿತ್ತು ಎಂದು. ಪ್ರಿಂಟರಿನ ಆ ಪರೀಕ್ಷಾ ಹಾಳೆಯನ್ನು ಅವಳು ಗೊಂಬೆ ಪೆಟ್ಟಿಗೆಯ ತಳಕ್ಕೆ ಹಾಸುತ್ತಿದ್ದಳು. “ಮೂರು ಫ್ಲಾಪಿ ಮಾಡಿದ್ದೀಯಲ್ಲ,” ಎಂದಳು, “ಅದರಲ್ಲೇ ನೋಡ್ಕೋ.”

ನೋಟುಬುಕ್ಕನ್ನು ಎಲ್ಲರ ಮುಂದೆ ಓದುವ ಮೊದಲೇ ಅವಳು ಹೊಳೆಗೆ ಏಕೆ ಬಿಡಿಸಿದಳು ಎಂಬುದು ನನಗೆ ಹೊಳೆದದ್ದು ವರ್ಷಗಳ ನಂತರ: ತಾನು ಟೈಪು ಮಾಡಿದ್ದನ್ನು ಅಜ್ಜಿ ಬರೆದದ್ದರ ಜೊತೆ ಯಾರೂ ಹೋಲಿಸಿ ನೋಡಬಾರದು ಎಂದು. ಹೊಳೆದದ್ದೋ, ನನ್ನ ಟಾರ್ಚು ಹುಡುಕಿ ಸೋತು ತಂದುಕೊಟ್ಟದ್ದೋ. ಕುಂಕುಮ ಮಾಸಿದ ಫ್ಲಾಪಿಗಳು ಇನ್ನೂ ನನ್ನ ಹತ್ತಿರ ಇವೆ. ಅಜ್ಜಿ ಏನು ಬರೆದಿದ್ದಳು, ಅಮ್ಮ ಏನು ಟೈಪು ಮಾಡಿದಳು, ಎರಡೂ ನನಗೆ ಗೊತ್ತಿಲ್ಲ.