ಲಂಡನ್ನಿನಿಂದ ಬಂದ ಪುಟಾಣಿ ರೈಲು

"ರೈಲು ರಿಪೇರಿಗೆ ಬಂದೈತಿ ಅಮ್ಮಾ, ಮುಂದಿನ ವಾರ ಬಾ" ಎಂದು ಮುಸ್ತಾಕ್ ಹನ್ನೆರಡು ವರ್ಷ ತಾಯಿಯನ್ನು ಮುಂದೂಡುತ್ತ ಬಂದಿದ್ದ. ಈ ರವಿವಾರ ಮಾಸುಮಬಿ ಹೇಳದೆ ಕೇಳದೆ ಬ್ಯಾಡಗಿಯಲ್ಲಿ ಬಸ್ಸು ಹತ್ತಿ ಬಂದೇಬಿಟ್ಟಳು.

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೈವೇ ಬದಿಗೆ ಜಟ್ಟೆಪ್ಪ ಸಾವಕಾರನ ಖಾನಾವಳಿ ಇದೆ. ಅದರ ಹಿಂದಿನ ತೋಟದಲ್ಲಿ ಎರಡು ಸುತ್ತು ಹಾಕಿ ದಮ್ಮು ಹತ್ತಿ ನಿಲ್ಲುವ ಪುಟಾಣಿ ರೈಲು. ಮುಸ್ತಾಕ್ ಅದರ ಡ್ರೈವರ್. ಓಡಿಸುವುದು ಅರ್ಧ ಕೆಲಸ. ಉಳಿದರ್ಧ, ಸಾವಕಾರ ಬರೆಸಿಕೊಟ್ಟ ಚರಿತ್ರೆಯನ್ನು ಮೈಕಿನಲ್ಲಿ ಒದರುವುದು. ಸಾವಕಾರನ ಮುತ್ಯಾ, ಅಂದರೆ ಅಜ್ಜ, ಕಳಿಸಿದ ಮೆಣಸಿನಕಾಯಿಯ ಕೆಂಪಿಗೆ ಮರುಳಾಗಿ ಲಂಡನ್ನಿನ ಸಾಹೇಬನೊಬ್ಬ ಹಡಗಿನಲ್ಲಿ ಕಳಿಸಿಕೊಟ್ಟ ರೈಲಂತೆ ಇದು! ಗೇಟಿನ ಬೋರ್ಡಿನ ಮೇಲೂ ಅದೇ ಬರೆದಿತ್ತು.

ಮುಸ್ತಾಕನಿಗೆ ಗೊತ್ತಿದ್ದ ಸಂಗತಿ ಬೇರೆ. ರೈಲು ಕಟ್ಟಿದವನು ಅವನಪ್ಪ, ಬ್ಯಾಡಗಿಯ ವೆಲ್ಡಿಂಗ್ ಅಂಗಡಿಯ ಚಮನಸಾಬ. ಬಾವಿಯ ನೀರೆತ್ತುವ ಡೀಸೆಲ್ ಎಂಜಿನ್ನಿಗೆ ಮುರಿದ ಟ್ರಾಲಿಯ ಕಬ್ಬಿಣ ಬೆಸೆದು ಸಾವಕಾರನಿಗೆ ಮಾಡಿಕೊಟ್ಟಿದ್ದು. ಸಾಯುವತನಕ ಅಪ್ಪ "ನನ್ನ ರೈಲು, ನನ್ನ ರೈಲು" ಎನ್ನುತ್ತಿದ್ದ. ಆ ಅಪ್ಪನ ಹೆಸರನ್ನು ಮಗ ಪಗಾರಕ್ಕೆ ಅಂಜಿ ದಿನಕ್ಕೆ ಹತ್ತು ಸಲ ನುಂಗುತ್ತಿದ್ದ. ಹೆತ್ತವಳ ಎದುರಿಗೆ ನುಂಗುವುದು ಹೆಂಗೆ?

"ಎಂಜಿನ್ ಕೆಟ್ಟೈತಿ ಅಮ್ಮಾ, ಇವತ್ತ ಆಗೂದಿಲ್ಲ" ಎಂದ.

"ಎಲ್ಲಿ ಕೆಟ್ಟೈತಿ?" ಎನ್ನುತ್ತ ದುರುಗೇಶ ಬಂದು ಹ್ಯಾಂಡಲ್ ಒಮ್ಮೆ ತಿರುವಿದ. ರೈಲಿಗೆ ಹಸಿರು ಬಾವುಟ ಬೀಸುವ, ತಿರುವಿನಲ್ಲಿ ನಿಂತರೆ ಹಿಂದಿನಿಂದ ದಬ್ಬುವ ನಲವತ್ತೈದರ ಗಡಿ ದಾಟಿದ ಆಳು ಅವನು. ಎಂಜಿನ್ನು ಅವನ ಕೈ ಕಾಯುತ್ತಿತ್ತೋ ಎಂಬಂತೆ ಗುಡುಗುಡು ಎಂದಿತು.

ಅಷ್ಟರಲ್ಲಿ ಹಾವೇರಿ ಕೋರ್ಟಿನ ವಕೀಲರು ಒಂದು ಬಸ್ಸು ತುಂಬ ಬಂದಿಳಿದು, ಪುಟಾಣಿ ಡಬ್ಬಿಗಳಲ್ಲಿ ಮೊಣಕಾಲು ಗದ್ದಕ್ಕೆ ಹಚ್ಚಿ ಕೂತರು. ಮಾಸುಮಬಿ ಮುಂದಿನ ಸೀಟಿನಲ್ಲಿ ಸೆರಗು ಬಿಗಿ ಮಾಡಿಕೊಂಡಳು. ಮುಸ್ತಾಕ್ ಯಾರೂ ನೋಡದಂತೆ ಮೈಕಿನ ವೈರು ಕಿತ್ತ. ದುರುಗೇಶ ನೋಡಿಯೇ ನೋಡಿದ, ಹಲ್ಲಿನಿಂದ ತೊಗಟೆ ಸುಲಿದು ಜೋಡಿಸಿಕೊಟ್ಟ.

"ಗಂಟಲ ಹಿಡದೈತಿ" ಎಂದ ಮುಸ್ತಾಕ್ ಕಡೆಯ ಆಸೆಯಿಂದ.

"ಅಯ್ಯ ತಮ್ಮಾ, ನಾ ಅದೇನಿ ತಗೋ!" ಎಂದು ಮೈಕು ಕಸಿದುಕೊಂಡಳು ಶೇಖವ್ವ. ಗೇಟಿನ ಬಳಿ ಗಿರಮಿಟ್ ಮಾರುವ, ಮುಸ್ತಾಕನ ಓಣಿಯ ಹೆಂಗಸು. ಮಾಸುಮಬಿಯನ್ನು ಹುರಿದುಂಬಿಸಿ ಕರೆತಂದವಳೂ ಅವಳೇ. ಹನ್ನೆರಡು ವರ್ಷ ಕೇಳಿ ಕೇಳಿ ಚರಿತ್ರೆ ಅವಳಿಗೆ ಬಾಯಿಪಾಠ. "ಕೇಳ್ರಪೋ ಕೇಳ್ರಿ! ಇದು ಲಂಡನ್ ರೈಲು! ನಮ್ಮ ಸಾವಕಾರ್ರ ಮುತ್ಯಾಗ ರಾಣೀನ ಕೈಯಾರೆ ಕೊಟ್ಟಿದ್ದು!"

ಸುಳ್ಳಿಗೆ ರಾಣಿಯೂ ಕೂಡಿಕೊಂಡಿದ್ದಳು. ತಾಯಿಯ ಹುಬ್ಬು ಗಂಟಾದದ್ದನ್ನು ಕಂಡ ಮುಸ್ತಾಕನ ಮುಖ ಕಾದ ಹಂಚಾಯಿತು. ಮೈಕು ಸೆಳೆದುಕೊಂಡು ಚೀರಿದ: "ಸುಳ್ಳ ರೀ! ಲಂಡನ್ನೂ ಇಲ್ಲ, ರಾಣೀನೂ ಇಲ್ಲ! ಇದನ್ನ ಕಟ್ಟಿದಾಂವ ನಮ್ಮಪ್ಪ ಚಮನಸಾಬ, ಇಲ್ಲಿ ಕುಂತ ನಮ್ಮಮ್ಮನ ಗಂಡ. ದುಡದ ಕೈಯ ಹೆಸರು ಅಳಿಸಿ ಉಳ್ಳವರ ಹೆಸರು ಬರದಾರ. ಅದನ್ನ ನಾನ ದಿನಾ ಓದೇನಿ. ನಾಚಿಗಿ ಬರ್ತೈತಿ ರೀ ನನಗ!"

ವಕೀಲರು ಚಪ್ಪಾಳೆ ಹೊಡೆದು ಮೊಬೈಲು ತೆಗೆದರು. ಗಲ್ಲಾ ಬಿಟ್ಟು ಓಡಿಬಂದ ಜಟ್ಟೆಪ್ಪ ಸಾವಕಾರ, "ಲೇ, ಇಳಿಯಲೇ ಕೆಳಗ!" ಎಂದು ಶುರು ಮಾಡಿದವನು ಮೊಬೈಲುಗಳನ್ನು ಕಂಡು ಬೆಣ್ಣೆಯಾದ.

"ಸಾವಕಾರ್ರ, ಬೋರ್ಡ್ ಬದಲಿ ಮಾಡ್ರಿ. ಇಲ್ಲಾಂದ್ರ ನಾಳೆ ನೋಟೀಸು!" ಎಂದ ಹಿರಿಯ ವಕೀಲ.

"ಆತ್ರೀ, ಆತ್ರೀ. ಇವತ್ತ ಬರಸ್ತೀನಿ. ಚಮನಸಾಬ ಅಂತನ ಬರಸ್ತೀನಿ."

ಮುಸ್ತಾಕನ ಎದೆ ಹಗುರಾಯಿತು. ಇಷ್ಟು ವರ್ಷದ ನಾಚಿಕೆ ಇಷ್ಟು ಸಸ್ತಾದಲ್ಲಿ ತೊಳೆದುಹೋಗುತ್ತದೆ ಎಂದು ಅವನೆಣಿಸಿರಲಿಲ್ಲ.

ವಕೀಲ ತನ್ನ ಧರ್ಮ ಬಿಡಲಿಲ್ಲ. "ಅಮ್ಮಾ, ನೀವ ಖಾಸಾ ಸಾಕ್ಷಿ. ಎಲ್ಲಾರ ಮುಂದ ಒಂದ ಮಾತ ಹೇಳ್ರಿ, ರೆಕಾರ್ಡ್ ಮಾಡಾಕತ್ತೇವಿ."

ಮಾಸುಮಬಿ ಎಂಜಿನ್ನಿನತ್ತ ಕೈ ಮಾಡಿದಳು. "ಸಾಕ್ಷಿ ಅಂದ ಮ್ಯಾಲ ಸುಳ್ಳ ಹೇಳಬಾರದಲ್ರಿ ಸಾಹೇಬ್ರ. ನಮ್ಮನಿಯವರಿಗೆ ವೆಲ್ಡಿಂಗ್ ಎಲ್ಲಿ ಬರತಿತ್ತು? ಕಿಡಿ ಹಾರಿದ್ರ ಅಂಗಡಿ ಹೊರಗ ಓಡತಿದ್ರು. ಅಂಗಡಿ ಅವರದು, ಅದಕ್ಕ ಹೆಸರೂ ಅವರದು. ರೈಲು ಮಾಡಿದಾಂವ ನಮ್ಮ ಅಂಗಡಿ ಆಳು ಗಿರಿಯಪ್ಪ. ಅಗೋ, ಈ ದುರುಗೇಶನ ಅಪ್ಪ. ನನ್ನ ಹೆಸರೂ ಎಲ್ಲೆರ ಒಂದ ಕಡೆ ಬರೀಲೇನ್ರಿ ಅಂತ ಗಿರಿಯಪ್ಪ ಕೇಳಿದ್ದಕ್ಕ ಅವನ್ನ ಬಡದು ಹೊರಗ ಹಾಕಿದ್ರು. ಮುಸ್ತಾಕ್, ನೀ ಆಗ ತೊಟ್ಟಿಲದಾಗ ಇದ್ದಿ ಬೇಟಾ."

ಮೊದಲು ಚೇತರಿಸಿಕೊಂಡವನು ಸಾವಕಾರ. "ನೋಡ್ರಿ ವಕೀಲರ, ಹಕ್ಕುದಾರರು ಇಬ್ಬರಾದ್ರು. ಅವರವರೊಳಗ ಮೊದಲ ಬಗೀಹರೀಲಿ. ಅಲ್ಲೀತನಕ ನಮ್ಮ ಮುತ್ಯಾನ ಹೆಸರ ಇರಲಿ ಬಿಡ್ರಿ."

"ಕಾನೂನು ಪ್ರಕಾರ ಅದ ಸರಿ. ಯಥಾಸ್ಥಿತಿ" ಎಂದು ವಕೀಲ ಮೊಬೈಲು ಜೇಬಿಗಿಟ್ಟ.

ಮುಸ್ತಾಕ್ ತಲೆ ತಗ್ಗಿಸಿಕೊಂಡೇ ದುರುಗೇಶನ ಬಳಿ ಹೋದ. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಒಂದ ದಿನಾನೂ ಹೇಳಲಿಲ್ಲಲ್ಲೋ ಮಾರಾಯಾ!"

"ನಿಮ್ಮಪ್ಪನ ಹೆಸರ ನುಂಗ್ಯಾರ ಅಂತ ನೀ ದಿನಾ ಸಂಜೀಕ ನನ್ನ ಮುಂದ ಅಳತಿದ್ದಿ. ನಾ ಹೂಂ ಹೂಂ ಅಂತಿದ್ದೆ" ಎಂದ ದುರುಗೇಶ, ಬಾವುಟ ಝಾಡಿಸುತ್ತ. "ಖರೇ ಹೇಳಬೇಕಂದ್ರ, ಕೇಳಾಕ ಭಾಳ ಹಿತ ಇತ್ತು ನೋಡು."

ಬಾವುಟ ಮೇಲೆದ್ದಿತು. ರೈಲು ಹೊರಟಿತು. ಮುಸ್ತಾಕ್ ಮೈಕು ಬಾಯಿಗೆ ಹಿಡಿದ. ಸಾವಕಾರ ಹಳಿಯ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ತಡವಾಗಿ ಬಂದು ಕಡೆಯ ಡಬ್ಬಿ ಹತ್ತಿದ ಯಾವನೋ ಒಬ್ಬ ಕೂಗಿ ಕೇಳಿದ: "ಏ ಡ್ರೈವರಣ್ಣಾ, ಯಾರ್ ಮಾಡಿದ್ದಪಾ ಈ ರೈಲು?"

ಹೆತ್ತವಳು ಮುಂದಿನ ಸೀಟಿನಿಂದ ತಿರುಗಿ ಮಗನ ಮುಖ ನೋಡಿದಳು.

"ಲಂಡನ್ ಸಾಹೇಬ್ರು ರೀ" ಎಂದ ಮುಸ್ತಾಕ್.