ಪುಚೊಂಗಿನಲ್ಲೊಂದು ಫ್ಲೆಮಿಶ್ ತುಟಿ

ನಮ್ಮ ದೊಡ್ಡಮ್ಮನ ಎದುರು ಸ್ವಲ್ಪ ಹೊತ್ತು ಅಲುಗಾಡದೆ ಕೂತರೆ ಯಾರು ಬೇಕಾದರೂ ಯುರೋಪಿನ ಶ್ರೀಮಂತ ಮಹಿಳೆಯಾಗಿಬಿಡಬಹುದು. ನಂಬುವುದಿಲ್ಲವೇ? ನಮ್ಮ ಕಾಂಡೋದ ಸೆಕ್ಯುರಿಟಿಯೇ ಆಗಿದ್ದಾನೆ, ಅದೂ ಮೀಸೆ ಸಮೇತ!

ಮಣಿಪಾಲದಲ್ಲಿ ಅನಾಟಮಿ ಕಲಿಸಿ ನಿವೃತ್ತರಾದ ದೊಡ್ಡಮ್ಮ ಮಲೇಶಿಯಾದ ಪುಚೊಂಗಿನ ನಮ್ಮ ಮನೆಗೆ ಬಂದದ್ದು ನಾಲ್ಕು ದಿನ ಇದ್ದು ಹೋಗಲು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ಊರಿಗೆ ಊರೇ ಮಧ್ಯಾಹ್ನದ ಜೊಂಪಿನಲ್ಲಿತ್ತು. ಎಲ್‌ಆರ್‌ಟಿ ರೈಲು ಖಾಲಿ ಕಿಟಕಿಗಳನ್ನು ಹೊತ್ತು ಬಿಸಿಲಲ್ಲಿ ತೇಲಿಹೋಗುತ್ತಿತ್ತು. ಅಂಥದೊಂದು ಮಧ್ಯಾಹ್ನ ಹಳೆಯ ಕ್ಯಾಲೆಂಡರಿನಲ್ಲಿ ಅವರಿಗೆ 'ಅವಳು' ಸಿಕ್ಕಳು. ಹದಿನಾರನೇ ಶತಮಾನದ, ಬೆಲ್ಜಿಯಂ ಕಡೆಯ ಫ್ಲೆಮಿಶ್ ಚಿತ್ರಗಾರ್ತಿಯೊಬ್ಬಳು ಬರೆದ ಹೆಂಗಸು: ಬಿಳಿಯ ಶಿರವಸ್ತ್ರ, ಕಂಕುಳಲ್ಲಿ ಪುಟ್ಟ ನಾಯಿ, ಎತ್ತಲೋ ನೋಡುತ್ತ ಕನಸು ಕಾಣುವ ಕಣ್ಣು, ಬಿಗಿದ ತುಟಿ.

"ಆ ಕಾಲದಲ್ಲೇ ಒಬ್ಬಳು ಬ್ರಶ್ ಹಿಡಿದಿದ್ದಾಳೆ ಮಾರಾಯ. ನನಗೆಂತ ದಾಡಿ?" ಎಂದವರೇ ನನ್ನ ಮಗಳ ಬಣ್ಣಗಳನ್ನು ವಶಪಡಿಸಿಕೊಂಡರು.

"ಅಜ್ಜೀ, ದಟ್ಸ್ ಮೈನ್ ಲಾ!" ಎಂಬ, ಮಲೇಶಿಯಾದ 'ಲಾ' ಬಾಲದ ಅವಳ ಆಕ್ರಂದನ ಯಾರಿಗೆ ಕೇಳಬೇಕು?

ಚಿತ್ರಕ್ಕೆಂದು ಕಾರಿಡಾರಿನಲ್ಲಿ ದೂರ ಕೂತವರಿಗೆಲ್ಲ ಮಾಸ್ಕು. ಕಣ್ಣು ಸರಿ, ಬಾಯಿ? ಕ್ಯಾಲೆಂಡರಿನಿಂದ ಎರವಲು! ಸೆಕ್ಯುರಿಟಿಯ ಮೀಸೆಯಡಿಯಲ್ಲೂ ಫ್ಲೆಮಿಶ್ ತುಟಿ, ಮಾಸ್ಕೇ ಹಾಕದ ನನಗೂ ಅದೇ ತುಟಿ.

"ತುಟಿಗೆ ಮೂಳೆ ಇಲ್ಲ ನೋಡು, ಅದಕ್ಕೇ ಕಷ್ಟ" ಎಂದು ಅನಾಟಮಿ ಸಮರ್ಥಿಸಿತು.

ಆಮೇಲೆ ಎದುರು ಮನೆಯ ತಮಿಳು ಅಂಕಲ್‌ಗೆ ಜ್ವರ ಬಂತು. ಆಂಬ್ಯುಲೆನ್ಸ್ ಒಯ್ದಿತು. ಹೆಂಡತಿ ಸೆಲ್ವಿ ಅಕ್ಕ ಕ್ವಾರಂಟೈನಿನಲ್ಲಿ, ಬಾಗಿಲ ಗ್ರಿಲ್ಲಿನ ಹಿಂದೆ. ದೊಡ್ಡಮ್ಮ ಮೊದಲೇ ಬರೆದಿಟ್ಟಿದ್ದ ಅಂಕಲ್‌ರ ಚಿತ್ರವನ್ನು ಎತ್ತಿ ತೋರಿಸಿದರೆ, ಅಕ್ಕ ನಮ್ಮಿಂದ ಕಲಿತ ಕನ್ನಡದಲ್ಲಿ ಹೇಳಿದರು: "ಟೀಚರ್, ಇವರು ಹೀಗಿಲ್ಲ ಲಾ. ನಗುವಾಗ ಒಂದು ಸೈಡ್ ಮೇಲೆ ಹೋಗುತ್ತೆ."

ಜನ್ಮದಲ್ಲೇ ಮೊದಲ ಸಲ ದೊಡ್ಡಮ್ಮ ವಾದಿಸಲಿಲ್ಲ. ಚಿತ್ರದ ತುಟಿ ಒರೆಸಿ, ನಮ್ಮ ಬಾಗಿಲಲ್ಲಿ ಕೂತರು. ದಿನವೂ ಮಧ್ಯಾಹ್ನ ಗ್ರಿಲ್ಲಿನಾಚೆಯಿಂದ ಅಕ್ಕನ ದನಿ: "ಇನ್ನೂ ಮೇಲೆ… ಪಲ್ಲು ಕಾಣಬೇಕು… ಅಯ್ಯೋ, ಹಲ್ಲು, ಹಲ್ಲು!" ಗಂಡನ ಹಳೆಯ ತಮಾಷೆ ಹೇಳುತ್ತ ತಾವೇ ನಗುವರು; ಒಳಗೆ ಫೋನು ಸದ್ದು ಮಾಡಿದರೆ ಆಸ್ಪತ್ರೆಯದೇ ಇರಬೇಕೆಂದು ತಟ್ಟನೆ ಒಳಗೋಡುವರು. ದೊಡ್ಡಮ್ಮನ ಬ್ರಶ್ಶೂ ಗಾಳಿಯಲ್ಲೇ ನಿಲ್ಲುತ್ತಿತ್ತು.

ಕೊನೆಗೂ ಅಂಕಲ್ ಮರಳಿದರು. ಅರ್ಧಕ್ಕರ್ಧ ಇಳಿದಿದ್ದರು. ಗೋಡೆ ಹಿಡಿದು ನಿಂತು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ನಾನು ಇಷ್ಟು ಚಂದ ನಗುತ್ತೇನಾ? ಯಾರು ನೋಡಿದ್ದು, ಟೀಚರ್?"

ದೊಡ್ಡಮ್ಮ ಬ್ರಶ್ಶಿನ ತುದಿಯಿಂದ ಸೆಲ್ವಿ ಅಕ್ಕನತ್ತ ತೋರಿಸಿದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು.